ಕಲ್ಚರ್‌ನಲ್ಲಿ ಸಿಗದ್ದು ಪಿಸಿಆರ್‌ನಲ್ಲಿ ಸಿಗುತ್ತದೆಯೇ?

ಪ್ರಶ್ನೆ: ವಯಸ್ಸು 37. ಎಂಟು ತಿಂಗಳಿಂದ ಬೀಜಗಳ ಹಿಂದುಗಡೆ ನೋವು, ಮೂತ್ರಕ್ಕೆ ಹೋಗಿ ಬಂದ ಮೇಲೂ ಉರಿ. ಕ್ರಾನಿಕ್ ಪ್ರಾಸ್ಟಟೈಟಿಸ್ (ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ಉರಿಯೂತ) ಅಂದರು. ಯೂರಿನ್ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಎರಡು ಸಲವೂ ‘ನೋ ಗ್ರೋತ್’. ಸಿಪ್ರೊಫ್ಲಾಕ್ಸಾಸಿನ್ ಆಂಟಿಬಯಾಟಿಕ್ ನುಂಗಿದಷ್ಟು ದಿನ ಹಗುರ, ಬಿಟ್ಟರೆ ಮತ್ತೆ ಅದೇ ಹಾಡು. ದಾವಣಗೆರೆಯ ಲ್ಯಾಬೊಂದರಲ್ಲಿ ವೀರ್ಯದ ಪಿಸಿಆರ್ ಪ್ಯಾನೆಲ್ (ಹಲವು ರೋಗಾಣುಗಳ ಡಿಎನ್‌ಎಯನ್ನು ಒಟ್ಟಿಗೆ ಹುಡುಕುವ ಪರೀಕ್ಷೆ) ಮಾಡಿಸಿದರೆ ಅಡಗಿದ ಸೋಂಕು ಸಿಗುತ್ತದೆ ಅನ್ನುತ್ತಿದ್ದಾರೆ. ಮಾಡಿಸಲೇ?
— ಓದುಗರು, ಹರಿಹರ

ಉತ್ತರ: ಪಿಸಿಆರ್ ಮಾಡಿಸಿ, ಆದರೆ ವೀರ್ಯದಿಂದ ಶುರು ಮಾಡಬೇಡಿ. ವೀರ್ಯ ಮೂತ್ರನಾಳವನ್ನೆಲ್ಲ ಸವರಿಕೊಂಡು ಹೊರಬರುತ್ತದೆ. ಅದರಲ್ಲಿ ಸಿಕ್ಕ ಡಿಎನ್‌ಎ ಪ್ರಾಸ್ಟೇಟ್‌ನದೋ ನಾಳದ್ದೋ ಹೇಳಲು ಬರುವುದಿಲ್ಲ. ಸಿಪ್ರೊದಿಂದ ಹಗುರವಾಯಿತೆಂಬುದೂ ಸೋಂಕಿಗೆ ಸಾಕ್ಷಿಯಲ್ಲ. ಆ ಗುಂಪಿನ ಮಾತ್ರೆಗಳಿಗೆ ಉರಿಯೂತ ತಗ್ಗಿಸುವ ಗುಣವೂ ಇದೆ.

ವೈದ್ಯರನ್ನು ಕೇಳಿ ಆಂಟಿಬಯಾಟಿಕ್ ನಿಲ್ಲಿಸಿ, ಎರಡು ವಾರವಾದರೂ ಕಳೆಯಲಿ. ಆಮೇಲೆ ಯುರಾಲಜಿಸ್ಟ್ ಹತ್ತಿರ ಒಂದೇ ಸಲಕ್ಕೆ ಮೂರು ಬಾಟಲಿ ಕೊಡಿ. ಅದಕ್ಕೆ ಮುಂಚೆ ಎರಡು ಗಂಟೆ ಮೂತ್ರ ಮಾಡಿರಬಾರದು. ತೊಳೆಯದೆ, ಮೊಟ್ಟಮೊದಲ 20 ಮಿ.ಲೀ. ಒಂದನೇ ಬಾಟಲಿಗೆ: ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೊರಿಯಾ, ಮೈಕೊಪ್ಲಾಸ್ಮಾ ಜೆನಿಟೇಲಿಯಂ, ಟ್ರೈಕೊಮೊನಾಸ್ ಪಿಸಿಆರ್‌ಗೆ ಇದು. ಈಗ ಮುಂದೊಗಲು ಸರಿಸಿ ಒರೆಸಿಕೊಂಡು ನಡುಧಾರೆಯನ್ನು ಎರಡನೆಯದಕ್ಕೆ ಹಿಡಿಯಿರಿ. ಪೂರ್ತಿ ಖಾಲಿ ಮಾಡಬೇಡಿ. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಒತ್ತಿದ ಮೇಲೆ ಬರುವ ಮೊದಲ 10 ಮಿ.ಲೀ. ಮೂರನೆಯದಕ್ಕೆ. ಎರಡು ಮತ್ತು ಮೂರನ್ನು ಕಲ್ಚರ್‌ಗೂ ಮೈಕ್ರೋಸ್ಕೋಪಿಗೂ ಕಳಿಸಬೇಕು. ಮೂರರಲ್ಲಿ ಬ್ಯಾಕ್ಟೀರಿಯಾ ಹತ್ತು ಪಟ್ಟು ಹೆಚ್ಚಿದ್ದರೆ ಗೂಡು ಪ್ರಾಸ್ಟೇಟ್‌ನಲ್ಲೇ. ಜ್ವರ, ಚಳಿ ಇದ್ದಾಗ ಮಾತ್ರ ಈ ಒತ್ತುವ ಕೆಲಸ ಕೂಡದು, ಸೋಂಕು ರಕ್ತಕ್ಕೆ ಇಳಿದೀತು.

ಎಡವುವುದು ಬಾಟಲಿಯಲ್ಲೇ. ಕಲ್ಚರ್‌ಗೆ ಹೇಳುವಂತೆ ಪಿಸಿಆರ್‌ಗೂ ಲ್ಯಾಬಿನವರು ‘ತೊಳೆದು, ಮಧ್ಯದ ಮೂತ್ರ ಹಿಡೀರಿ’ ಅಂದುಬಿಡುತ್ತಾರೆ. ನಾಳದ ಕೋಶಗಳೆಲ್ಲ ಮೊದಲ ಧಾರೆಯಲ್ಲೇ ಹೋಗಿ ಪಿಸಿಆರ್ ನೆಗೆಟಿವ್ ಬರುತ್ತದೆ. ಡಬ್ಬಿ ತುಂಬಿಸಿಕೊಟ್ಟರೂ ಅಷ್ಟೇ, ನೀರಾಗುತ್ತದೆ. ಪಿಸಿಆರ್ ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ, ಡಿಎನ್‌ಎ ಕೆಡದಂತೆ ಕಾಯುವ ದ್ರವವಿರುವ ಟ್ರಾನ್ಸ್‌ಪೋರ್ಟ್ ಟ್ಯೂಬಿಗೆ ಹಾಕಿದರೇ ಎಂದು ಕೇಳಿ. ಕಲ್ಚರ್ ಬಾಟಲಿ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ ಫ್ರಿಜ್‌ನಲ್ಲಿರಬೇಕು.

ಮೇಲೆ ಹೇಳಿದ ನಾಲ್ಕರಲ್ಲಿ ಯಾವುದು ಪಾಸಿಟಿವ್ ಬಂದರೂ ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಜೆನಿಟೇಲಿಯಂಗೆ ಕೋಶಭಿತ್ತಿಯೇ ಇಲ್ಲ, ಅಮಾಕ್ಸಿಸಿಲಿನ್ ಜಾತಿಯ ಔಷಧಿ ಅದಕ್ಕೆ ತಾಗುವುದಿಲ್ಲ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು, 7 ದಿನ, ನಂತರ ಪ್ರತಿರೋಧದ ವರದಿ ನೋಡಿ ಅಜಿತ್ರೊಮೈಸಿನ್ ಅಥವಾ ಮಾಕ್ಸಿಫ್ಲಾಕ್ಸಾಸಿನ್. ಯೂರಿಯಾಪ್ಲಾಸ್ಮಾ ಪಾರ್ವಮ್ ಎಂಬ ಬ್ಯಾಕ್ಟೀರಿಯಾ ಪಾಸಿಟಿವ್ ಎಂದಿದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಇರುವಂಥದ್ದು. ದೊಡ್ಡ ಪ್ಯಾನೆಲ್‌ಗಳು ಜನರನ್ನು ಸುಮ್ಮನೆ ರೋಗಿ ಮಾಡುವುದು ಇಲ್ಲಿಯೇ. ಚಿಕಿತ್ಸೆ ಮುಗಿದ ಮೂರು ವಾರದೊಳಗೆ ಮತ್ತೆ ಪಿಸಿಆರ್ ಮಾಡಿಸಬೇಡಿ: ಸತ್ತ ಜೀವಿಯ ಡಿಎನ್‌ಎ ಕೂಡ ಪಾಸಿಟಿವ್ ತೋರಿಸುತ್ತದೆ.

ಪ್ರಶ್ನೆ: ಮೂತ್ರದಲ್ಲಿ ಪಸ್ ಸೆಲ್ (ಕೀವಿನ ಕೋಶ) ಸದಾ ಇದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಹಿಂದೆ ಶ್ವಾಸಕೋಶದ ಟಿಬಿ ಆಗಿತ್ತು.
— ಓದುಗರು, ಜಗಳೂರು

ಉತ್ತರ: ಹಾಗಿದ್ದರೆ ಮೊದಲು ಟಿಬಿ ಅಲ್ಲವೆಂದು ಖಾತ್ರಿಯಾಗಲಿ. ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಸಿಬಿನ್ಯಾಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ) ಪರೀಕ್ಷೆಗೂ ಟಿಬಿ ಕಲ್ಚರ್‌ಗೂ ಕೊಡಿ. ಕಲ್ಚರ್‌ಗೆ ಆರು ವಾರದವರೆಗೂ ಕಾಯಬೇಕಾದೀತು. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಉಚಿತ. ಫಲಿತಾಂಶ ಬರುವ ತನಕ ಲಿವೊಫ್ಲಾಕ್ಸಾಸಿನ್ ಆಂಟಿಬಯಾಟಿಕ್ ಶುರು ಮಾಡಿಸಿಕೊಳ್ಳಬೇಡಿ, ಅದು ಟಿಬಿ ಬ್ಯಾಕ್ಟೀರಿಯಾವನ್ನು ಅರೆಬರೆ ಅದುಮಿ ವರದಿಯನ್ನೇ ಮರೆಮಾಚುತ್ತದೆ.

ಪ್ರಶ್ನೆ: ಎಲ್ಲ ಪರೀಕ್ಷೆ ನೆಗೆಟಿವ್. ನೋವು ಮಾತ್ರ ಹೋಗಿಲ್ಲ. ಇನ್ನೊಂದು ಕೋರ್ಸ್ ಆಂಟಿಬಯಾಟಿಕ್?
— ಓದುಗರು, ದಾವಣಗೆರೆ

ಉತ್ತರ: ಬೇಡ. ಕ್ರಾನಿಕ್ ಪ್ರಾಸ್ಟಟೈಟಿಸ್ ಇರುವವರಲ್ಲಿ ಸುಮಾರು ನೂರಕ್ಕೆ 90 ಮಂದಿಯಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಮೂತ್ರ ಕಟ್ಟಿದಂತಿದ್ದರೆ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಬಗ್ಗೆ ವೈದ್ಯರನ್ನು ಕೇಳಿ. ಶ್ರೋಣಿಯ (ಕಿಬ್ಬೊಟ್ಟೆಯ ತಳದ) ಸ್ನಾಯು ಬಿಗಿದಿದೆಯೇ ಎಂದು ಫಿಸಿಯೊಥೆರಪಿಸ್ಟ್ ನೋಡಲಿ. ಬಿಗಿದಿದ್ದರೆ ಆ ಸ್ನಾಯುವನ್ನು ಬಿಗಿಹಿಡಿಯುವ ಕೀಗಲ್ ವ್ಯಾಯಾಮ ನಿಲ್ಲಿಸಿ, ಸಡಿಲಿಸುವ ವ್ಯಾಯಾಮ ಕಲಿಯಿರಿ.