ಕಳೆದರೂ ಮುಗಿಯದ ಲೆಕ್ಕ

ಪ್ರಶ್ನೆ: ಪೂರ್ಣದಿಂದ ಪೂರ್ಣ ತೆಗೆದರೂ ಪೂರ್ಣವೇ ಉಳಿಯುತ್ತದೆ ಎನ್ನುತ್ತದೆ ಈಶಾವಾಸ್ಯದ ಶಾಂತಿಮಂತ್ರ. ಗಣಿತದ ಮೇಷ್ಟ್ರು ಮಾತ್ರ ಅನಂತದಿಂದ ಅನಂತ ಕಳೆದರೆ ಉತ್ತರವೇ ನಿಶ್ಚಯವಿಲ್ಲ ಎನ್ನುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಸಾಗರ

ಉತ್ತರ: ಇಬ್ಬರಿಗೂ ಜಗಳ ಹಚ್ಚಬೇಡಿ. ಮಂತ್ರದ ‘ಪೂರ್ಣ’ ಬ್ರಹ್ಮವನ್ನು ಕುರಿತದ್ದು, ಎಣಿಕೆಯನ್ನಲ್ಲ. ಮೇಷ್ಟ್ರ ಮಾತನ್ನು ನೀವೇ ಪರೀಕ್ಷಿಸಬಹುದು. 1, 2, 3… ಎಂಬ ಸಾಲಿನಿಂದ ಸಮಸಂಖ್ಯೆಗಳನ್ನೆಲ್ಲ ತೆಗೆಯಿರಿ, ಉಳಿಯುವ ಬೆಸಸಂಖ್ಯೆಗಳೂ ಅನಂತ. 10ಕ್ಕಿಂತ ದೊಡ್ಡವನ್ನೆಲ್ಲ ತೆಗೆದರೆ ಉಳಿಯುವುದು ಹತ್ತೇ. ಇಡೀ ಸಾಲನ್ನೇ ತೆಗೆದರೆ ಸೊನ್ನೆ. ಮೂರು ಸಲವೂ ಕಳೆದದ್ದು ಅನಂತವನ್ನೇ! ಯಾವುದರಿಂದ ಯಾವುದನ್ನು ಎಂದು ಹೇಳದೆ ಅನಂತದ ಗುರುತಾದ ಮಲಗಿದ ಎಂಟನ್ನು (∞) ಸಂಖ್ಯೆಯಂತೆ ಬಳಸಿದರೆ ಎಡವುವುದು ಖಚಿತ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದರು. 12ನೇ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯೇ ಛೇದವಾದ ಅಂಥ ರಾಶಿಯನ್ನು ‘ಖಹರ’ವೆಂದು ಕರೆದು ಅನಂತವೆಂದರು. ನೋಟವೇನೋ ಸೊಗಸು, ಆದರೆ 1/0, 2/0 ಎರಡೂ ಅದೇ ಅನಂತವಾದರೆ, ತಿರುಗಿ ಸೊನ್ನೆಯಿಂದ ಗುಣಿಸಿದಾಗ 1 ಮತ್ತು 2 ಸಮವಾಗಿಬಿಡುತ್ತವೆ.

ಪ್ರಶ್ನೆ: ಅನಂತಗಳಲ್ಲೂ ಚಿಕ್ಕದು, ದೊಡ್ಡದು ಇವೆಯಂತೆ. ಅದು ಹೇಗೆ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ಊಟದ ಪಂಕ್ತಿಯಲ್ಲಿ ಎಲೆಗೊಬ್ಬರು ಕೂತು, ಎಲೆಯೂ ಮಿಗದೆ ಜನರೂ ಮಿಗದಿದ್ದರೆ ಎಣಿಸದೆಯೇ ಎರಡೂ ಸಮ ಎನ್ನುತ್ತೇವೆ. ಜರ್ಮನಿಯ ಗಣಿತಜ್ಞ ಗೇಯೊರ್ಗ್ ಕ್ಯಾಂಟರ್ ಹಿಡಿದದ್ದೂ ಇದೇ ಅಳತೆ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸಿದರೆ ಸಮಸಂಖ್ಯೆಗಳು ಎಲ್ಲ ಎಣಿಕೆ ಸಂಖ್ಯೆಗಳಷ್ಟೇ ಇವೆ. ಭಿನ್ನರಾಶಿಗಳೂ ಅಷ್ಟೇ, ಆದರೆ ಸಾಲು ಹಾಕುವ ಕ್ರಮ ಮುಖ್ಯ. 1/1, 1/2, 1/3 ಎಂದು ಹೊರಟರೆ 2/1ರ ಸರದಿ ಬರುವುದೇ ಇಲ್ಲ. ಅಂಶ, ಛೇದಗಳ ಮೊತ್ತ 2 ಇರುವುದನ್ನು ಮೊದಲು, 3 ಇರುವವನ್ನು ಆಮೇಲೆ ಬರೆಯುತ್ತ ಹೋಗಿ. 2/2ರಂಥ ಪುನರಾವರ್ತನೆ ಬಿಡಿ.

ದಶಮಾಂಶಗಳ ಮುಂದೆ ಈ ಉಪಾಯ ಸೋಲುತ್ತದೆ. 1891ರಲ್ಲಿ ಕ್ಯಾಂಟರ್ ಪ್ರಕಟಿಸಿದ ಕರ್ಣವಾದ ನೋಡಿ. 0 ಮತ್ತು 1ರ ನಡುವಿನ ಎಲ್ಲವನ್ನೂ ಪಟ್ಟಿ ಮಾಡಿದ್ದೇನೆ ಎಂದು ಯಾರೋ ತಂದರು ಎನ್ನಿ: 0.314…, 0.250…, 0.776…, ಹೀಗೆ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ಆರಿಸಿ: 3, 5, 6. ಸಿಕ್ಕಿದ್ದು 5 ಆದರೆ 6 ಬರೆಯಿರಿ, ಬೇರೇನಾದರೂ ಇದ್ದರೆ 5. ಆಗ 0.565… ಬರುತ್ತದೆ. ಪಟ್ಟಿಯ ಪ್ರತಿಯೊಂದರ ಜೊತೆಗೂ ಅದು ಒಂದಾದರೂ ಸ್ಥಾನದಲ್ಲಿ ಬೇರೆ, ಹಾಗಾಗಿ ಪಟ್ಟಿಯಲ್ಲಿಲ್ಲ. ಸೇರಿಸಿಕೊಳ್ಳುತ್ತೇನೆ ಎಂದರೆ ಹೊಸ ಪಟ್ಟಿಗೂ ಅದೇ ಗತಿ. ಅಂದರೆ ದಶಮಾಂಶಗಳ ಅನಂತ ಎಣಿಕೆ ಸಂಖ್ಯೆಗಳ ಅನಂತಕ್ಕಿಂತ ದೊಡ್ಡದು. 5, 6 ಮಾತ್ರ ಬಳಸಿದ್ದಕ್ಕೆ ಕಾರಣವಿದೆ: 0.4999… ಮತ್ತು 0.5 ಒಂದೇ ಸಂಖ್ಯೆಯ ಎರಡು ಬರಹ. 9, 0 ನುಸುಳಲು ಬಿಟ್ಟರೆ ‘ಹೊಸದು’ ಎಂದದ್ದು ಪಟ್ಟಿಯಲ್ಲಿದ್ದದ್ದೇ ವೇಷ ಬದಲಿಸಿ ಬಂದಿರಬಹುದು.

ಪ್ರಶ್ನೆ: ವಿಶ್ವ ಅನಂತವೇ?
— ಓದುಗರು, ಮಂಡ್ಯ

ಉತ್ತರ: ಅಳೆದು ತೋರಿಸಿದವರಿಲ್ಲ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಹಿಗ್ಗುವಿಕೆಯನ್ನೂ ಸೇರಿಸಿದರೆ ನಮಗೆ ಕಾಣಬಲ್ಲ ಭಾಗದ ತ್ರಿಜ್ಯ ಸುಮಾರು 4,600 ಕೋಟಿ ಜ್ಯೋತಿರ್ವರ್ಷ. ಪ್ಲಾಂಕ್ ಉಪಗ್ರಹದ ಅಳತೆಯಂತೆ ಅವಕಾಶ (ಸ್ಪೇಸ್) ಬಹುಮಟ್ಟಿಗೆ ಚಪ್ಪಟೆ, ಎಂದರೆ ಬಾಗಿಲ್ಲದ್ದು. ಚಪ್ಪಟೆ ಎಂದೊಡನೆ ಅನಂತ ಎಂದುಕೊಳ್ಳುವವರು ಬಹಳ. ಹಳೆಯ ಮೊಬೈಲಿನ ಹಾವಿನಾಟದಲ್ಲಿ ಬಲಗಡೆ ಹೊರಬಿದ್ದ ಹಾವು ಎಡಗಡೆಯಿಂದ ಬರುತ್ತಿತ್ತಲ್ಲ, ಆ ಪರದೆ ಚಪ್ಪಟೆಯೇ, ಅಂಚೂ ಇಲ್ಲ, ಆದರೂ ಅಂಗೈಯಗಲ.