ಬಹುಜನರ ಹಿತಕ್ಕೆ ಒಬ್ಬನ ಹೊಲ: ಬಹುಮತದ ಅಧಿಕಾರಕ್ಕೆ ಎಲ್ಲೆ ಎಲ್ಲಿ?

ಪ್ರಶ್ನೆ: ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗೆ ನಮ್ಮ ನಾಲ್ಕು ಎಕರೆ ನೀರಾವರಿ ಹೊಲವಿದೆ. ಆಲಮಟ್ಟಿ ಜಲಾಶಯದ ಮಟ್ಟ 524.256 ಮೀಟರಿಗೆ ಏರಿದರೆ ಅದು ಪೂರ್ತಿ ಮುಳುಗಡೆಯಾಗುತ್ತದೆ. ಊರಿನ ಬಹುತೇಕ ರೈತರು ಪರಿಹಾರಕ್ಕೆ ಒಪ್ಪಿದ್ದಾರೆ, ನಾನು ಒಪ್ಪಿಲ್ಲ. ‘ನೀ ಒಬ್ಬಾಂವ ಹಟಾ ಹಿಡದ್ರ ಸಾವಿರಾರು ಮಂದಿ ಹೊಲಕ್ಕ ನೀರು ತಪ್ಪತೈತಿ’ ಎಂದು ಮನೆಯವರೇ ಬೈಯುತ್ತಾರೆ. ಬಹುಮತದಿಂದ ಬಂದ ಸರ್ಕಾರ ಬಹುಜನರ ಹಿತಕ್ಕಾಗಿ ಕೇಳುವಾಗ ಕೊಡುವುದಿಲ್ಲ ಎನ್ನುವುದು ಅನೀತಿಯೇ? ಪ್ರಜಾಪ್ರಭುತ್ವದಲ್ಲಿ ಒಬ್ಬನ ಹಕ್ಕಿಗೆ ಬೆಲೆ ಎಷ್ಟು?

ಉತ್ತರ: ಕೊಡುವುದಿಲ್ಲ ಎನ್ನುವುದು ಅನೀತಿಯಲ್ಲ. ಆದರೆ ನೀವು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯೋಜನೆ ನಿಲ್ಲಬೇಕು ಎನ್ನುವ ಅಧಿಕಾರವೂ ನಿಮಗಿಲ್ಲ. ಈ ಎರಡೂ ಮಾತು ಏಕಕಾಲಕ್ಕೆ ನಿಜ, ಮತ್ತು ಇವೆರಡರ ನಡುವೆ ಇರುವ ಜಾಗದಲ್ಲಿಯೇ ನಿಮ್ಮ ಹಕ್ಕು ಇದೆ.

ಸಂವಿಧಾನ ಜಾರಿಗೆ ಬಂದಾಗ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ ಎಂಬ 300ಎ ವಿಧಿಯನ್ನು ಸೇರಿಸಿತು. ಒಂದು ಅಧಿಸೂಚನೆ, ಒಂದು ಚೆಕ್ ಇದ್ದರೆ ಸಾಕು ಎಂದು ಅಧಿಕಾರಿ ವರ್ಗ ಅದನ್ನು ಬಹಳ ಕಾಲ ಅರ್ಥ ಮಾಡಿಕೊಂಡಿತು. ಆ ತಿಳಿವಳಿಕೆ ತಪ್ಪು ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ, ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, ಬಿಡಿಸಿ ಹೇಳಿದೆ. ಭೂಮಿ ತೆಗೆದುಕೊಳ್ಳುವ ಮುನ್ನ ಸರ್ಕಾರ ನಿಮಗೆ ನೋಟಿಸು ಕೊಡಬೇಕು, ನಿಮ್ಮ ಆಕ್ಷೇಪಣೆಯನ್ನು ನಿಜವಾಗಿ ಕೇಳಬೇಕು, ಕಾರಣಸಹಿತ ತೀರ್ಮಾನವನ್ನು ತಿಳಿಸಬೇಕು, ಸಾರ್ವಜನಿಕ ಉದ್ದೇಶವನ್ನು ತೋರಿಸಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕಾಲಮಿತಿಯೊಳಗೆ ಸರಿಯಾದ ರೀತಿಯಲ್ಲಿ ಕೆಲಸ ನಡೆಸಬೇಕು, ಹಿಡಿದ ಪ್ರಕ್ರಿಯೆಯನ್ನು ಅರ್ಧಕ್ಕೆ ತೂಗಿಬಿಡದೆ ಮುಗಿಸಬೇಕು. ಇವುಗಳಲ್ಲಿ ಪರಿಹಾರ ಒಂದು ಮಾತ್ರ ಎಂಬುದನ್ನು ಗಮನಿಸಿ. ದುಡ್ಡು ಎಷ್ಟೇ ದೊಡ್ಡದಿರಲಿ, ನಿಮ್ಮ ಮಾತು ಕೇಳದೆ ಕೊಟ್ಟರೆ ಆ ಹಕ್ಕು ಪೂರ್ತಿಯಾಗುವುದಿಲ್ಲ.

ಇನ್ನು ನೀತಿಯ ಪ್ರಶ್ನೆ. ಹೆಚ್ಚು ಜನರಿಗೆ ಹೆಚ್ಚು ಒಳಿತಾದರೆ ಅದೇ ನ್ಯಾಯ ಎಂಬ ವಾದ ಕೇಳಲು ಸರಳವಾಗಿದೆ. ಆಡಳಿತ ನಡೆಸುವವರಿಗೆ ಬಲು ಅನುಕೂಲವೂ ಆಗಿದೆ. ಅದರ ದೋಷವೆಂದರೆ, ಅದು ಒಳಿತನ್ನು ಕೂಡಿಸುತ್ತದೆಯೇ ಹೊರತು ಹೊರೆ ಯಾರ ತಲೆಯ ಮೇಲೆ ಬಿತ್ತು ಎಂದು ನೋಡುವುದಿಲ್ಲ. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆ ಬರುತ್ತದೆ. ಮುಳುಗಡೆಯ ರೈತನಿಗೆ ಹೊಲ, ಬಾವಿ, ದನ ಮೇಯುವ ಜಾಗ, ಉದ್ರಿ ಕೊಡುವ ಅಂಗಡಿ, ಕಷ್ಟಕ್ಕೆ ಓಡಿಬರುವ ನೆರೆಮನೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಬಹುಮತ ಎನ್ನುವುದು ತೀರ್ಮಾನ ಮಾಡುವ ಅಧಿಕಾರವನ್ನು ಕೊಡುತ್ತದೆ, ಆ ತೀರ್ಮಾನದ ಪೂರ್ತಿ ಬೆಲೆಯನ್ನು ಕೆಲವರಿಂದ ಮಾತ್ರ ವಸೂಲು ಮಾಡುವ ಅಧಿಕಾರವನ್ನು ಕೊಡುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಸಾಂವಿಧಾನಿಕ ನೈತಿಕತೆಯ, ಅಂದರೆ ಸಂವಿಧಾನದ ವಿಧಿವಿಧಾನಗಳ ಬಗೆಗಿನ ಗೌರವದ ಮಾತೆತ್ತಿದ್ದರು. ಅದು ಹುಟ್ಟಿನಿಂದ ಬರುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದಿದ್ದರು. ಬೆಳೆಸಿಕೊಳ್ಳಬೇಕಾದವರಲ್ಲಿ ಮೊದಲಿಗರು ಅಧಿಕಾರ ಕೈಯಲ್ಲಿರುವವರು.

ಅದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಹಿಮಾಚಲ ಪ್ರದೇಶದ ಒಂದು ಪ್ರಕರಣ ನೋಡಿ. ಅಲ್ಲಿ 1967–68ರಲ್ಲಿ ರಸ್ತೆಗಾಗಿ ಅಕ್ಷರ ಬಾರದ ಒಬ್ಬ ವಿಧವೆಯ ಜಮೀನನ್ನು ಯಾವ ಭೂಸ್ವಾಧೀನ ಪ್ರಕ್ರಿಯೆಯೂ ಇಲ್ಲದೆ ಬಳಸಿಕೊಳ್ಳಲಾಯಿತು. ದಶಕಗಳ ನಂತರ ಆಕೆ ನ್ಯಾಯಾಲಯಕ್ಕೆ ಹೋದಾಗ, ಇಷ್ಟು ವರ್ಷ ಜಮೀನು ನಮ್ಮ ಸ್ವಾಧೀನದಲ್ಲೇ ಇದೆ, ಆದ್ದರಿಂದ ಅದು ನಮ್ಮದೇ ಆಯಿತು ಎಂದು ರಾಜ್ಯ ಸರ್ಕಾರ ವಾದಿಸಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆ ಹೊತ್ತಿಗೆ ಆಕೆಗೆ ಸುಮಾರು ಎಂಬತ್ತು ವರ್ಷ. ನಮ್ಮ ರಾಜ್ಯದಲ್ಲಿಯೂ, ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ 2003ರಲ್ಲಿ ಅಧಿಸೂಚನೆ ಹೊರಟ ಜಮೀನಿನ ಪರಿಹಾರ ಎರಡು ದಶಕ ಕಳೆದರೂ ಸಿಗದೆ, 2019ರ ಮಾರುಕಟ್ಟೆ ಬೆಲೆಯಂತೆ ಕೊಡಿ ಎಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಆದೇಶಿಸಬೇಕಾಯಿತು. ರಸ್ತೆಯಾಗಲಿ ಕಾರಿಡಾರ್ ಆಗಲಿ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಕೊಟ್ಟವರನ್ನು ಮರೆತದ್ದು ತಪ್ಪು ಎಂದಿತು.

ಬಾಗಲಕೋಟೆ ಜಿಲ್ಲೆಗೆ ಇದೆಲ್ಲ ಪುಸ್ತಕದ ಮಾತಲ್ಲ. ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಿದಾಗ ಹಳೆಯ ಬಾಗಲಕೋಟೆ ಪಟ್ಟಣದ ಒಂದು ಭಾಗವೇ ಮುಳುಗಿ ನವನಗರ ಎಂಬ ಹೊಸ ಬಡಾವಣೆ ಹುಟ್ಟಿತು. ಮಟ್ಟವನ್ನು 524.256 ಮೀಟರಿಗೆ ಏರಿಸುವ ಈಗಿನ ಹಂತದಲ್ಲಿ ಮುಳುಗಡೆಯಾಗುವ ಜಮೀನೇ ಸುಮಾರು 75 ಸಾವಿರ ಎಕರೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಈ ದರ ಒಪ್ಪುವವರು ಒಪ್ಪಲಿ, ಅದು ಅವರ ಸ್ವಾತಂತ್ರ್ಯ. ಆದರೆ ಒಪ್ಪಂದದ ಐತೀರ್ಪಿಗೆ (ಇಬ್ಬರೂ ಒಪ್ಪಿ ಪರಿಹಾರದ ಮೊತ್ತ ನಿಗದಿಪಡಿಸುವ ಆದೇಶಕ್ಕೆ) ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರ ಕೇಳುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಊರೆಲ್ಲ ಹಾಕಿದೆ ಎಂಬ ಒತ್ತಾಯಕ್ಕೆ ಬಿದ್ದು, ಓದದೆ, ಓದಿಸದೆ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಎಂದು ಕರೆಯಲಾರೆ.

2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ. ಮೋಜಣಿಗೆ ಬಂದವರ ಜೊತೆ ನೀವೇ ಹೊಲದಲ್ಲಿ ನಡೆಯಿರಿ. ಬಾವಿ, ಬೋರು, ನೆಲದೊಳಗಿನ ಪೈಪ್‌ಲೈನ್, ಬದುವಿನ ಬೇವಿನ ಮರಗಳು, ಹೊಲದ ಮನೆ ಎಲ್ಲವೂ ಪಟ್ಟಿಯಲ್ಲಿ ಬಂದಿವೆಯೇ ಎಂದು ನೋಡದೆ ಆ ಹಾಳೆಗೆ ಸಹಿ ಮಾಡಬೇಡಿ; ಕಾಗದದಲ್ಲಿ ಇಲ್ಲದ ಮರಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಐತೀರ್ಪನ್ನು ಒಪ್ಪದಿದ್ದರೆ ವಿಷಯವನ್ನು ಭೂಸ್ವಾಧೀನದ ತಕರಾರು ಕೇಳುವ ಪ್ರಾಧಿಕಾರಕ್ಕೆ ಒಪ್ಪಿಸುವಂತೆ 64ನೇ ಕಲಮಿನಡಿ ಕೇಳಲು ಅವಕಾಶವಿದೆ. ಐತೀರ್ಪು ಹೊರಬೀಳುವಾಗ ನೀವು ಹಾಜರಿದ್ದರೆ ಅದಕ್ಕೆ ಆರೇ ವಾರಗಳ ಗಡುವು.

ಒಂದು ಮಾತು ನಿಮಗೂ ಹೇಳಬೇಕು. ನಿಮ್ಮ ಹೊಲದಲ್ಲಿ ಕಳೆ ತೆಗೆಯುವ, ಕಬ್ಬು ಕಡಿಯುವ ಕೂಲಿಯವರ ಹೆಸರು ಯಾವ ಉತಾರದಲ್ಲಿಯೂ (ಪಹಣಿಯಲ್ಲಿಯೂ) ಇರುವುದಿಲ್ಲ. ಭೂಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಪ್ರದೇಶದಲ್ಲಿ ದುಡಿದ, ಜೀವನಕ್ಕೆ ಅದನ್ನೇ ನಂಬಿದ ಕೃಷಿ ಕಾರ್ಮಿಕರನ್ನು ಮತ್ತು ಗೇಣಿದಾರರನ್ನು ಕಾಯ್ದೆ ಬಾಧಿತ ಕುಟುಂಬಗಳೆಂದು ಗುರುತಿಸುತ್ತದೆ. ಅವರ ಪರವಾಗಿ ನಿಮ್ಮ ಆಕ್ಷೇಪಣೆಯಲ್ಲಿ ಎರಡು ಸಾಲು ಬರೆಯಿರಿ. ನಿಮ್ಮ ಹಕ್ಕಿನ ಮಾತಿಗೆ ಅದರಿಂದ ನೈತಿಕ ಬಲ ಬರುತ್ತದೆ.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ರೈತ. ಈ ಯೋಜನೆಯ ನೀರಿಗಾಗಿ ನಾವು ಎಷ್ಟು ವರ್ಷ ಕಾಯಬೇಕು? ಜನ ಆರಿಸಿದ ಸರ್ಕಾರದ ಕೈಯನ್ನು ಯಾರೂ ಆರಿಸದ ನ್ಯಾಯಾಧೀಶರು ಕಟ್ಟುವುದು ಪ್ರಜಾಪ್ರಭುತ್ವವೇ?

ಉತ್ತರ: ನಿಮ್ಮ ಬೇಗುದಿ ನ್ಯಾಯವಾದದ್ದು. ನೀರು ನಿಮಗೆ ದಾನವಲ್ಲ, ಅದೂ ಬದುಕಿನ ಹಕ್ಕೇ. ಆದರೆ ನ್ಯಾಯಾಲಯ ಅನ್ವಯಿಸುವ 2013ರ ಕಾಯ್ದೆಯನ್ನು ಮಾಡಿದ್ದು ಜನ ಆರಿಸಿದ ಸಂಸತ್ತೇ. ಜನಪ್ರತಿನಿಧಿಗಳೇ ಮಾಡಿದ ಕಾನೂನಿಗೆ ತಲೆಬಾಗು ಎಂದು ಸರ್ಕಾರಕ್ಕೆ ಹೇಳುವುದರಿಂದ ಪ್ರಜೆಗಳ ಮತಕ್ಕೆ ಅವಮಾನವಾಗುವುದಿಲ್ಲ.

ವಿಳಂಬದ ಹೊಣೆಯನ್ನು ಮುಳುಗಡೆ ರೈತರ ಮೇಲೆ ಹಾಕುವುದೂ ಸರಿಯಲ್ಲ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. 524.256 ಮೀಟರ್ ಎತ್ತರಕ್ಕೆ, ಕೃಷ್ಣಾ ನೀರಿನ ಹಂಚಿಕೆಯ ತಕರಾರು ಕೇಳಿದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಒಪ್ಪಿಗೆ ಕೊಟ್ಟಿದ್ದು 2010ರ ಡಿಸೆಂಬರ್‌ನಲ್ಲಿ. ಆ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾಗದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದ್ದು ರಾಜ್ಯ ರಾಜ್ಯಗಳ ನಡುವಿನ ತಕರಾರಿನಲ್ಲಿಯೇ ಹೊರತು ಬೀಳಗಿಯ ಯಾವ ರೈತನ ಅರ್ಜಿಯ ಮೇಲೂ ಅಲ್ಲ.