"ಮನೇಲಿ ಕೇಳಿ ಹೇಳ್ತೀನಿ" ಅಂದ್ರೆ ಏನರ್ಥ, ಮೇಷ್ಟ್ರೇ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದಾರೆ. ಹೆಸರು ಹಾಕಬೇಡಿ ಅಂದಿದಾರೆ, ಹಾಕಲ್ಲ. ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಜೊತೆ ಕೆಲಸ ಮಾಡೋ ಹುಡುಗೀನೂ ಸೇರ್ಕೊಂಡು ವಿಜಯನಗರ, ನಾಗರಬಾವಿ ಕಡೆ ಡಬಲ್ ಬೆಡ್‌ರೂಮ್ ಮನೆ ಹುಡುಕ್ತಿದಾರೆ, ಏಳು ಮನೆ ನೋಡಿ ಏಳೂ ಕೈತಪ್ಪಿವೆ. ಒಬ್ರು ಫ್ಯಾಮಿಲಿಗೆ ಮಾತ್ರ ಅಂದ್ರಂತೆ, ಒಬ್ರು "ನೀವು ಯಾವ ಪೈಕಿ" ಅಂತ ಕೇಳಿ ಸುಮ್ಮನಾದ್ರಂತೆ, ಇನ್ನೊಬ್ರು 5,000 ಟೋಕನ್ ಅಡ್ವಾನ್ಸ್ ಇಸ್ಕೊಂಡು ಮೂರು ದಿನ ಬಿಟ್ಟು "ನಮ್ಮ ನೆಂಟರೇ ಬರ್ತಿದಾರಮ್ಮ" ಅಂತ ವಾಪಸ್ ಕೊಟ್ರಂತೆ. ಮೇಷ್ಟ್ರು ಕೇಳೋದು ಇಷ್ಟು: "ನಮ್ಮ ಹುಡುಗೀರು ಎಲ್ಲಿ ತಪ್ತಿದಾರೆ, ಏನು ತಿದ್ಕೋಬೇಕು? ಮೊಟ್ಟೆ ತಿನ್ನಲ್ಲ ಅಂತ ಒಂದು ಸುಳ್ಳು ಹೇಳಿದ್ರೆ ತಪ್ಪಾ? ಓನರ್‌ಗಳಿಗೂ ಅವರವರ ಕಷ್ಟ ಇರುತ್ತೆ ಅನ್ನೋದು ನಂಗೂ ಗೊತ್ತು, ನಮ್ಮ ಮಹಡಿ ಮನೇನೂ ನಾವು ಗೊತ್ತಿರೋರಿಗೆ ಮಾತ್ರ ಕೊಡೋದು."

ಮೇಷ್ಟ್ರೇ, ಆ ಕೊನೇ ಸಾಲಿಗೆ ಆಮೇಲೆ ಬರ್ತೀನಿ.

ಓನರ್‌ಗಳ ಕಷ್ಟ ಇಲ್ಲ ಅಂತ ನಾನೂ ಹೇಳಲ್ಲ. ಪಿಎಫ್ ದುಡ್ಡೆಲ್ಲ ಸುರಿದು ಮೇಲೊಂದು ಮನೆ ಕಟ್ಟಿರ್ತಾರೆ, ತಿಂಗಳ ಔಷಧಿ ಖರ್ಚು ಆ ಬಾಡಿಗೇಲೇ ನಡೀಬೇಕು, ಬಂದೋರು ಮೂರು ತಿಂಗಳು ಬಾಡಿಗೆ ಕೊಡದೆ ಕೂತ್ರೆ ಕೋರ್ಟಿಗೆ ಅಲೆಯೋ ಶಕ್ತಿ ಇರಲ್ಲ. ಬೇಸಿಗೇಲಿ ಸಂಪು ಖಾಲಿಯಾದ್ರೆ ಟ್ಯಾಂಕರ್ ತರಿಸೋರು ಅವರೇ. ಆ ಭಯ ನಿಜವಾದ ಭಯ. ಆದ್ರೆ ಈ ಭಯಕ್ಕೆ ಉತ್ತರ ಕೊಡೋಕಾಗುತ್ತೆ, ಅದಕ್ಕೆ ಮೊದಲು ಅದನ್ನೇ ಹೇಳ್ತೀನಿ.

ಫೋನ್ ಮಾಡಿದ ತಕ್ಷಣ "ಬಾಡಿಗೆ ಎಷ್ಟು" ಅಂತ ಶುರು ಮಾಡೋದು ಬೇಡ. ನಾವು ಇಬ್ರು, ಇಂಥಾ ಕಡೆ ಕೆಲಸ, ಒಂದು ಸ್ಕೂಟರ್ ಇದೆ, ಮುಂದಿನ ತಿಂಗಳು 1ನೇ ತಾರೀಕಿಂದ ಬೇಕು, ಕಮ್ಮಿ ಅಂದ್ರೂ ಎರಡು ವರ್ಷ ಇರ್ತೀವಿ, ಹೀಗೆ ಒಂದೇ ಉಸಿರಲ್ಲಿ ಹೇಳಿಬಿಟ್ರೆ ಆ ಕಡೆಯವರ ಅರ್ಧ ಪ್ರಶ್ನೆ ಮುಗಿಯುತ್ತೆ. ನೋಡೋಕೆ ಇಬ್ರೂ ಒಟ್ಟಿಗೆ ಹೋಗಲಿ, ಒಬ್ಬಳೇ ಹೋಗಿ "ಇನ್ನೊಬ್ಳು ಆಮೇಲೆ ಬರ್ತಾಳೆ" ಅಂದ್ರೆ ಓನರ್ ಮನಸಲ್ಲಿ ಆ ಇನ್ನೊಬ್ಳು ನಾಲ್ಕು ಜನ ಆಗಿರ್ತಾಳೆ. ಕಂಪನಿ ಲೆಟರ್, ಮೂರು ತಿಂಗಳ ಸ್ಯಾಲರಿ ಸ್ಲಿಪ್, ಹಿಂದಿನ ಪಿಜಿ ಓನರ್ ಫೋನ್ ನಂಬರ್ (ಅವರನ್ನ ಕೇಳಿ, ಒಪ್ಪಿದ್ಮೇಲೆ) ಒಂದು ಫೈಲಲ್ಲಿ ಇರಲಿ. ಆಧಾರ್ ಕೇಳ್ತಾರೆ, ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಳೋಕೆ ಬರುತ್ತೆ, ಅದನ್ನ ಕೊಡಲಿ, ಪೂರ್ತಿ ನಂಬರ್ ಇರೋ ಜೆರಾಕ್ಸನ್ನ ಊರೆಲ್ಲಾ ಹಂಚಬಾರದು. ಬಾಡಿಗೆ, ಅಡ್ವಾನ್ಸ್ ಎರಡರಲ್ಲೂ ಚೌಕಾಸಿ ಮಾಡೋಕೆ ಹೋಗಬೇಡಿ, ಬಾಡಿಗೆ ಒಪ್ಕೊಂಡು ಅಡ್ವಾನ್ಸ್ ಇಳಿಸಿ. ಟೋಕನ್ ಕೊಡೋದಾದ್ರೆ ಅಕೌಂಟಿಗೇ ಹಾಕಿ, ಯಾವ ಮನೆಗೆ, ಎಷ್ಟು ದಿನದೊಳಗೆ ಅಗ್ರಿಮೆಂಟ್ ಅನ್ನೋದನ್ನ ವಾಟ್ಸಾಪಲ್ಲಿ ಎರಡು ಸಾಲು ಬರೆಸ್ಕೊಳ್ಳಲಿ.

ಇನ್ನೊಂದು, ಇದನ್ನ ಯಾವ ಬ್ರೋಕರ್ರೂ ಹೇಳಲ್ಲ. ಆಷಾಢದಲ್ಲಿ ಹುಡುಕಿ. ಆಷಾಢದಲ್ಲಿ ಹಾಲು ಉಕ್ಕಿಸಬಾರದು ಅಂತ ಜನ ಮನೆ ಬದಲಾಯಿಸಲ್ಲ, ಖಾಲಿ ಬಿದ್ದ ಮನೆ ಓನರ್ ಆ ತಿಂಗಳು ಸ್ವಲ್ಪ ಮೆತ್ತಗಾಗಿರ್ತಾರೆ. ಹಳೇ ಬಡಾವಣೆಗಳಲ್ಲಿ ನಡೆದೇ ಹುಡುಕಬೇಕು, ಎಷ್ಟೋ ಮನೆಗೆ ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡ್ ಬಿಟ್ರೆ ಬೇರೆ ಜಾಹೀರಾತೇ ಇರಲ್ಲ.

ಇಷ್ಟು ತಿದ್ಕೋಬಹುದು ಮೇಷ್ಟ್ರೇ. ಇದಾದ್ಮೇಲೂ ಇಲ್ಲ ಅಂದ್ರೆ ತಿದ್ಕೋಬೇಕಾದೋರು ನಿಮ್ಮ ಹುಡುಗೀರಲ್ಲ.

ನಮ್ಮ ಆಫೀಸಲ್ಲಿ ಪುಟ ಕಟ್ಟೋ ಹುಡುಗ ಒಬ್ಬನಿದಾನೆ, ಅವನ ಜೊತೆ ಮನೆ ನೋಡೋಕೆ ನಾನೇ ಹೋಗಿದ್ದೆ. ಓನರ್ ತುಂಬಾ ಒಳ್ಳೆ ಮನುಷ್ಯ, ಅದನ್ನ ಈಗಲೂ ಹೇಳ್ತೀನಿ. ನಲ್ಲಿ ತಿರುಗಿಸಿ ಕಾವೇರಿ ನೀರು ತೋರಿಸಿದ್ರು, ಗೀಸರ್ ಹಾಕಿ ಕೆಂಪು ಲೈಟ್ ಹತ್ತೋವರೆಗೂ ಕಾದ್ರು, ಅಡುಗೆಮನೆ ಶೆಲ್ಫ್ ಮೇಲಿನ ಧೂಳನ್ನ ತಮ್ಮ ಕೈಯಾರೆ ಒರೆಸಿದ್ರು. ಕೆಳಗೆ ಬಂದು ಕೂತು ಕಾಫಿ ಕೊಟ್ಟು, ಅಗ್ರಿಮೆಂಟ್ ಬರೆಸೋಕೆ ಅಂತ ಡೈರಿ ತೆಗೆದು "ಹೆಸರು ಹೇಳಪ್ಪ" ಅಂದ್ರು. ಅವನು ಹೇಳಿದ. ಮುಸ್ಲಿಂ ಹೆಸರು. ಮೊದಲ ಅಕ್ಷರ ಬರೆದಿದ್ದ ಪೆನ್ನು ಅಲ್ಲೇ ನಿಂತ್ಹೋಯ್ತು, ಕ್ಯಾಪ್ ಹಾಕಿ ಡೈರಿ ಮುಚ್ಚಿ "ಮಗನ್ನ ಒಂದು ಮಾತು ಕೇಳಿ ಹೇಳ್ತೀನಪ್ಪ" ಅಂದ್ರು. ಹುಡುಗ ಕಾಫಿ ಪೂರ್ತಿ ಕುಡಿದು, ಲೋಟ ತೊಳೆದಿಡ್ಲಾ ಅಂತ ಕೇಳಿ ಎದ್ದ. ದಾರೀಲಿ ಒಂದು ಮಾತಾಡ್ಲಿಲ್ಲ, ನಾನೂ ಆಡ್ಲಿಲ್ಲ. ಅವನ ಸ್ಯಾಲರಿ ಸ್ಲಿಪ್ ಇರೋ ಫೈಲು ಅವತ್ತು ತೆರೀಲೇ ಇಲ್ಲ.

"ಮನೇಲಿ ಕೇಳಿ ಹೇಳ್ತೀನಿ" ಅನ್ನೋ ಈ ಮಾತಿಗೆ ನೂರು ವರ್ಷ ದಾಟಿದೆ. 1917ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟೀಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಇರೋಕೆ ಜಾಗ ಸಿಗಲಿಲ್ಲ, ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ರು. ಹನ್ನೊಂದನೇ ದಿನ ಪಾರ್ಸಿಗಳು ದೊಣ್ಣೆ ಹಿಡ್ಕೊಂಡು ಬಂದು ಹೊರಗೆ ಹಾಕಿದ್ರು. ಆಗ ಇಬ್ರು ಸ್ನೇಹಿತರನ್ನ ಕೇಳಿದ್ರಂತೆ, ಒಬ್ರು "ನೀವು ಬಂದ್ರೆ ಆಳುಗಳು ಬಿಟ್ಟು ಹೋಗ್ತಾರೆ" ಅಂದ್ರು, ಇನ್ನೊಬ್ರು "ಹೆಂಡತಿ ಊರಿಂದ ಬರಲಿ, ಕೇಳಿ ಹೇಳ್ತೀನಿ" ಅಂದ್ರು. ಬಾಂಬೆ ರೈಲು ಬರೋವರೆಗೂ ಅವರು ಪಾರ್ಕಲ್ಲಿ ಕೂತಿದ್ರು. ಅವರೇ ಬರೆದಿಟ್ಟಿದಾರೆ ಇದನ್ನ. ಅವರಲ್ಲಿ ಯಾವ ದಾಖಲೆ ಕಮ್ಮಿ ಇತ್ತು ಹೇಳಿ? ಪೂರ್ತಿ ಭಾರತದಲ್ಲಿ ಆಗ ಅಷ್ಟು ಓದಿದೋರು ಎಷ್ಟು ಜನ ಇದ್ರು? ನಮ್ಮ ಬೆಂಗಳೂರಲ್ಲಿ ದಲಿತ ಹುಡುಗರಿಗೆ ಜಾಗ ಕೊಟ್ಟ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇರದಿದ್ರೆ ದಲಿತ ಕವಿ ಸಿದ್ಧಲಿಂಗಯ್ಯನವರಂಥವರು ಎಲ್ಲಿದ್ಕೊಂಡು ಓದ್ತಿದ್ರು ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ.

ಕಾನೂನು ಏನ್ ಮಾಡ್ತಿದೆ ಅಂತ ಕೇಳಬಹುದು. 2017ರ ಎಚ್‌ಐವಿ ಕಾಯ್ದೆ, 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ, ಇವೆರಡೂ ಬಾಡಿಗೆ ಅನ್ನೋ ಪದಾನೇ ಬಳಸಿ ಭೇದ ಮಾಡಬಾರದು ಅನ್ನುತ್ವೆ. ಅಂದ್ರೆ ಹಾಗೆ ಬರೆಯೋಕೆ ಬರುತ್ತೆ ಅಂತಾಯ್ತಲ್ಲ! ಆದ್ರೆ ಊಟ, ಧರ್ಮ, ಮದುವೆ ಆಗಿದ್ಯಾ ಇಲ್ವಾ ಅನ್ನೋ ಕಾರಣಕ್ಕೆ ಮನೆ ಇಲ್ಲ ಅಂದ್ರೆ ಹಿಡ್ಕೊಂಡು ಹೋಗೋಕೆ ಅಂಥ ನೇರ ಸಾಲಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಅಂದ್ರೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸಲ್ಲ, 3,500ಕ್ಕೆ ನಾಗರಬಾವೀಲಿ ಏನು ಸಿಗುತ್ತೆ?

ಅಡ್ವಾನ್ಸ್ ವಿಷಯಾನೂ ಅಷ್ಟೇ. 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ, ಆದ್ರೆ ಅದು ಬರೀ ಮಾದರಿ, ರಾಜ್ಯಗಳು ತಾವೇ ಕಾಯ್ದೆ ಮಾಡ್ಕೊಂಡ್ರೆ ಮಾತ್ರ ಬೆಲೆ. ನಮ್ಮಲ್ಲಿ ಎಷ್ಟೋ ಓನರ್‌ಗಳು ಹತ್ತು ತಿಂಗಳದ್ದು ಕೇಳ್ತಾರೆ. 22,000 ಬಾಡಿಗೆ ಅಂದ್ರೆ 2,20,000 ಅಡ್ವಾನ್ಸ್, ಬ್ರೋಕರ್‌ಗೆ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ, ಒಟ್ಟು 2,64,000. ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ ಇದನ್ನ ಎಲ್ಲಿಂದ ತರ್ತಾಳೆ? ಅಪ್ಪನ ಗ್ರಾಚುಟಿಯಿಂದ ತರ್ತಾಳೆ. ಬಿಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರ್ಕೊಳ್ತಾರೆ, ಆದ್ರೆ ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲದಿದ್ರೆ, ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೇಲೇ ಇದೆ. ಅದಕ್ಕೇ ಅಗ್ರಿಮೆಂಟಲ್ಲಿ ಪೇಂಟಿಂಗ್ ಸಾಲು ಓದದೆ ಸೈನ್ ಹಾಕಬೇಡಿ ಅಂತ ಮಗಳಿಗೆ ಹೇಳಿ, ಒಳಗೆ ಹೋಗೋ ದಿನಾನೇ ಗೋಡೆ, ಸಿಂಕು, ಸ್ವಿಚ್ ಎಲ್ಲದರ ಫೋಟೋ ತೆಗೆದಿಟ್ಕೊಳ್ಳಲಿ.

ಸುಳ್ಳು ಹೇಳಬಹುದಾ ಅಂದ್ರಿ. ಬೇಡ. ತಪ್ಪು ಅಂತಲ್ಲ, ತಾನು ದುಡಿದು ಬಾಡಿಗೆ ಕಟ್ಟೋ ಮನೇಲಿ ಒಂದು ಆಮ್ಲೆಟ್ ಮಾಡೋಕೆ ಕಿಟಕಿ ಮುಚ್ಕೊಂಡು, ಮೊಟ್ಟೆ ಸಿಪ್ಪೇನ ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಹಾಕ್ಕೊಂಡು ಆಫೀಸಿಗೆ ಹೋಗಿ ಬಿಸಾಡೋ ಬದುಕು ನಿಮ್ಮ ಮಗಳಿಗೆ ಯಾಕೆ? ಎಂಟನೇ ಮನೆ ನೋಡಲಿ, ಒಂಬತ್ತನೇದು ನೋಡಲಿ.

ಈಗ ನಿಮ್ಮ ಮಹಡಿ ಮನೆ. ಬೇಜಾರು ಮಾಡ್ಕೋಬೇಡಿ, ನಾಲ್ಕು ಪುಟ ಪ್ರಾಮಾಣಿಕವಾಗಿ ಬರೆದೋರು ನೀವು ಅಂತಾನೇ ಕೇಳ್ತಿದೀನಿ. "ಗೊತ್ತಿರೋರು" ಅಂದ್ರೆ ಯಾರು? ಮೂವತ್ತು ವರ್ಷ ಪಾಠ ಹೇಳಿದೀರಿ, ಎಲ್ಲಾ ಜಾತಿ, ಎಲ್ಲಾ ಕೇರಿ ಮಕ್ಕಳೂ ನಿಮ್ಮ ಕ್ಲಾಸಲ್ಲಿ ಕೂತಿದ್ರು, ಅವರೆಲ್ಲ ನಿಮಗೆ ಗೊತ್ತಿರೋರೇ ಅಲ್ವಾ? ಅವರಲ್ಲಿ ಒಬ್ರು ಬಂದು ಮನೆ ಕೇಳಿದ್ರೆ ಅಮ್ಮಾವ್ರನ್ನ ಕೇಳಿ ಹೇಳ್ತೀನಿ ಅಂತೀರಾ? ನಿಮ್ಮ ಮಗಳಿಗೆ ಇಲ್ಲ ಅಂದ ಆ ಏಳು ಜನಾನೂ "ನಾವು ಗೊತ್ತಿರೋರಿಗೆ ಮಾತ್ರ ಕೊಡೋದು" ಅಂತಾನೇ ಹೇಳ್ತಿರ್ತಾರೆ.

ಸದ್ಯ ಇರೋರು ಖಾಲಿ ಮಾಡಿದಾಗ ಗೇಟಿಗೆ ಒಂದು ಬೋರ್ಡ್ ಕಟ್ಟಿ ಮೇಷ್ಟ್ರೇ, ಬಾಡಿಗೆ, ಅಡ್ವಾನ್ಸ್, ಫೋನ್ ನಂಬರ್ ಇಷ್ಟೇ ಬರೀರಿ. ಮಗಳಿಗೆ ಮನೆ ಸಿಕ್ಕಿದ ದಿನ ನಂಗೊಂದು ಕಾರ್ಡ್ ಹಾಕಿ, ಮಹಡಿ ಮನೆಗೆ ಯಾರು ಬಂದ್ರು ಅನ್ನೋದನ್ನೂ ಮುಂದೆ ಯಾವಾಗಾದ್ರೂ ಬರೀರಿ.

— ಸಂಪಾದಕ